ಲೈಸೆನ್ಸ್ ಇದ್ದ, ಬಂದೂಕಿಲ್ಲದ ಬೇಟೆಗಾರ

ನನ್ನ ಗಂಡ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ. ಅಂಥವರು ಕೋವಿಡ್ ತಣ್ಣಗಾದ ಮೇಲೆ ಒಂದು ಬೇಸಿಗೆಯಲ್ಲಿ ಬೇಟೆಯ ಲೈಸೆನ್ಸ್ ತೆಗೆದುಕೊಂಡರು.

ಶುರು ಮಾಡಿದ್ದು ಕಾರ್ಮೆಲ್ ವ್ಯಾಲಿಯಲ್ಲಿ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜ. ಸೆಪ್ಟೆಂಬರ್ ಒಂದಕ್ಕೆ ಮರುಭೂಮಿಯ ಕಡೆ ಬೆಳವಕ್ಕಿ ಬೇಟೆ ಶುರುವಾಗುತ್ತದೆ, ಸುಮ್ಮನೆ ನೋಡಲು ಬಾ ಎಂದು ಆತ ಬೇಲಿಯಾಚೆಯಿಂದ ಕರೆದ. ನೋಡುವುದಕ್ಕೆ ಯಾವ ಪರ್ಮಿಟ್ಟೂ ಬೇಡ. ಆದರೆ ನಿವೃತ್ತ ಟೆಲಿಕಾಂ ಎಂಜಿನಿಯರಾದ ಇವರಿಗೆ ನಿಯಮವೊಂದಿದೆ ಎಂದು ಗೊತ್ತಾದರೆ ಓದಲೇಬೇಕು. ಓದಿದ ಮೇಲೆ ಪರೀಕ್ಷೆ ಬರೆಯಲೇಬೇಕು. ಲ್ಯಾಪ್‌ಟಾಪ್ ಮುಂದೆ ಕೂತು ಬೇಟೆಗಾರರ ಕೋರ್ಸ್ ಮುಗಿಸಿ ಪಾಸಾದರು.

"ಬರೀ ಲೈಸೆನ್ಸ್ ಸಾಲಲ್ಲ ಕಣೇ. ವಲಸೆ ಹಕ್ಕಿಗೆ ವ್ಯಾಲಿಡೇಶನ್ ಅಂತ ಬೇರೆ ಪರ್ಮಿಟ್ಟಿಗೆ ಅಪ್ಲೈ ಮಾಡ್ಬೇಕು. ಹೋದ್ವರ್ಷ ಎಷ್ಟು ಹೊಡೆದ್ರಿ ಅಂತ ಕೇಳ್ತಾರೆ."

"ಏನ್ ಹೇಳಿದ್ರಿ?"

"ಸೊನ್ನೆ ಅಂತ. ಸೊಳ್ಳೆ ಲೆಕ್ಕಕ್ಕಿಲ್ವಂತೆ."

ಡೈಮಂಡ್ ಬಾರ್ ಎಂಬ ಊರಿನಲ್ಲಿರುವ ಮಗಳು ಫೋನಿನಲ್ಲಿ ಕಿರುಚಿದಳು, "ಅಪ್ಪಾ, ಯು ಡೋಂಟ್ ಈವನ್ ಈಟ್ ಎಗ್ಸ್!"

ಇವರನ್ನು ಒಬ್ಬರನ್ನೇ ಕಳಿಸುವ ಧೈರ್ಯವಾಗದೆ, ಪುಳಿಯೋಗರೆ ಕಟ್ಟಿಕೊಂಡು ನಾನೂ ಅಜ್ಜನ ಪಿಕಪ್ ಟ್ರಕ್ ಹತ್ತಿದೆ. ಹೊಲದಂಚಿನಲ್ಲಿ ಮಡಚುವ ಕುರ್ಚಿ ಹಾಕಿ ಕೂತೆವು. ಬೆಳಕು ಹರಿಯಿತು. ಹಕ್ಕಿಗಳು ಬಂದವು. ಅಜ್ಜ ಬಂದೂಕು ಎತ್ತಿದಾಗಲೆಲ್ಲ ಇವರು, "ವೇಟ್! ಯಾವ ಜಾತಿ ನೋಡಿದ್ರಾ?" ಎಂದು ಕೂಗುತ್ತಿದ್ದರು. ಆ ಕೂಗಿಗೆ ಹಕ್ಕಿ ಹಾರಿಹೋಗುತ್ತಿತ್ತು. ಅಜ್ಜನ ಮುಖ ಬಿಸಿಲಿಗಿಂತ ಮೊದಲೇ ಕೆಂಪಾಯಿತು.

ಕೊನೆಗೊಂದು ಪುಟ್ಟ ಹಕ್ಕಿ ಪೊದೆಯಿಂದ ಎದ್ದಿತು. ಇವರು ಮತ್ತೆ ಕೂಗಿದರು, "ಅದು ಗ್ರೌಂಡ್ ಡವ್! ಹೊಡೀಬಾರ್ದು, ಕಾನೂನಿದೆ!" ಅಜ್ಜ ಬೈಯಲೆಂದೇ ಬಾಯಿ ತೆರೆದ, ಅಷ್ಟರಲ್ಲಿ ಗ್ರೌಂಡ್ ಡವ್ ಜಾತಿಯ ಗುರುತಾದ ರೆಕ್ಕೆಯ ಕೆಂಪು ಬಿಸಿಲಿಗೆ ಮಿಂಚಿತು. ಆತ ಬಂದೂಕು ಇಳಿಸಿದ. ನನಗೆ ಗಂಡನ ಮೇಲೆ ಹೆಮ್ಮೆಯಾಯಿತು. ಹೇಳಲಿಲ್ಲ, ಹೇಳಿದ್ದರೆ ಮನೆ ತಲುಪುವವರೆಗೂ ನಿಯಮಾವಳಿ ಕೇಳಬೇಕಾಗುತ್ತಿತ್ತು.

ಸ್ವಲ್ಪ ಹೊತ್ತಿಗೇ ವನ್ಯಜೀವಿ ಇಲಾಖೆಯ ವಾರ್ಡನ್ ಹೆಂಗಸೊಬ್ಬಳು ತಪಾಸಣೆಗೆ ಬಂದಳು. ಅಜ್ಜನ ಕಾಗದಗಳು ಸರಿಯಾಗಿದ್ದವು. ಕೇಳುವ ಮೊದಲೇ ಇವರು ತಮ್ಮವನ್ನೂ ಚಾಚಿದರು. ಎಲ್ಲ ಓದಿ ಆಕೆ ಕೇಳಿದಳು, "ಗನ್ ಎಲ್ಲಿ ಸರ್?"

"ಗನ್ ಇಲ್ಲ. ಲೈಸೆನ್ಸ್ ಇದೆ."

"ನನಗೆ ಸಾಮಾನ್ಯವಾಗಿ ಇದರ ಉಲ್ಟಾ ಸಿಗ್ತಾರೆ," ಎಂದು ಆಕೆ ಎಷ್ಟು ನಕ್ಕಳೆಂದರೆ, ಅಲ್ಲಿಯವರೆಗೆ ಮುಖ ಗಂಟಿಕ್ಕಿಕೊಂಡಿದ್ದ ಅಜ್ಜನೂ ನಗಲಾರಂಭಿಸಿದ.

ಒಂದು ಹಕ್ಕಿಯೂ ಇಲ್ಲದೆ, ಟ್ರಕ್ಕಿನ ಹಿಂಬದಿಯಲ್ಲಿ ಕೂತು ಮೂವರೂ ಪುಳಿಯೋಗರೆ ತಿಂದೆವು. ಅಜ್ಜ ಎರಡು ಸಲ ಹಾಕಿಸಿಕೊಂಡ. ಈಗಲೂ ಪ್ರತಿ ಸೆಪ್ಟೆಂಬರ್‌ನಲ್ಲಿ ಇವರನ್ನು ಕರೆದೊಯ್ಯುತ್ತಾನೆ. ಒಳ್ಳೆಯ ಬೈನಾಕ್ಯುಲರ್ ಕೂಡ ಕೊಡಿಸಿದ್ದಾನೆ, ಕೂಗುವ ಬದಲು ಭುಜ ತಟ್ಟಬೇಕೆಂಬ ಷರತ್ತಿನ ಮೇಲೆ.