ಉಮಾಶ್ರೀ ಅಕ್ಕನ ಕಾಗದದ ಪಾಠ

ಏ ನಾಚಾರಂದವರ! ಏ ಮಣಿಕೊಂಡದಾಗ ಎಸಿ ಹಚ್ಚಿಕೊಂಡು ಕುಂತವರ! ಜರಾ ಕಿವಿ ಇತ್ಲಾಗ ಕೊಡ್ರಿ. ಕುಕ್ಕರ್ ಸೀಟಿ ಹೊಡದ್ರ ಹೊಡೀಲಿ, ಗ್ಯಾಸ್ ಸಣ್ಣ ಮಾಡಿ ಬರ್ರಿ. ನಮ್ಮ ಕೆಳಗಿನ ಮನಿ ಉಮಾಶ್ರೀ ಅಕ್ಕಂದು ಹೇಳ್ತೀನಿ, ನಿನ್ನಿ ಐತವಾರದ್ದು. ಹೊಟ್ಟಿ ಉರದು ಹೇಳಾಕತ್ತೀನಿ.

ಅಕ್ಕ ಸೇಡಂದಾಕಿ. ಇಲ್ಲೇ ಸಿಕಂದರಾಬಾದ್ ಬಾಜೂಕಿನ ನಾಚಾರಂದಾಗ ರಟ್ಟಿನ ಡಬ್ಬಿ ಕಾರ್ಖಾನಿ ಆಫೀಸಿನ್ಯಾಗ ಕೆಲಸ. ಪಿಯುಸಿ ಮುಗಿಯೂದ್ರಾಗ ಆಕಿ ಅವ್ವ ಯಂಕಮ್ಮ "ಓದಿ ಏನ್ ಕಡಿಯೂದೈತಿ" ಅಂತ ಬಿಡಿಸಿ ಮದಿವಿ ಮಾಡಿದ್ಲು. ಆದ್ರೂ ಅಕ್ಕ ಪುಸ್ತಕ ಬಿಡಲಿಲ್ಲ. ಸಿಟಿ ಬಸ್ಸಿನ್ಯಾಗ ನಿಂತ್ಗೊಂಡು ಓದ್ತಾಳ, ಸ್ಟಾಪ್ ದಾಟಿ ಹೋಗಿ ಮತ್ತ ತಿರುಗಿ ನಡಕೋಂತ ಬರ್ತಾಳ.

ನಮ್ಮ ಕನ್ನಡದ ಮಂದಿ ಪ್ರತಿ ಶ್ರಾವಣದಾಗ ಬಿಲ್ಡಿಂಗ್ ಹಾಲ್‌ನ್ಯಾಗ ಪುರಾಣ ಹಚ್ತಾರ. ಒಬ್ರು ಓದೂದು, ಒಬ್ರು ಅರ್ಥ ಬಿಡಿಸಿ ಹೇಳೂದು, ಕಡೀ ದಿನ ಆರತಿ ಎತ್ತಿ ಮಂಗಲ ಮಾಡೂದು. ಈ ಸಲ ಓದೋ ಅಯ್ಯನವರು ಬೀದರಕ್ಕ ಮಗನ ಮನಿಗೆ ಹೋಗ್ಬಿಟ್ರು. ಆಗ ಅಕ್ಕ ಲೈಬ್ರರಿಯಿಂದ ಇಟ್ಟಂಗಿ ಅಂಥ ಒಂದು ಇಂಗ್ಲಿಷ್ ಪುಸ್ತಕ ತಂದ್ಲು. ಚೀನಾದೋರು ಹಿಂದಕ ಯಾತರಲೆ ಬರೀತಿದ್ರು, ಕುಂಚ, ಮಸಿ, ಮಸಿ ತೇಯೋ ಕಲ್ಲು, ಕಾಗದ, ಅದರ ಪೂರಾ ಇತಿಹಾಸ.

"ಚೀನಾದೋರ ಪುರಾಣ ನಮಗ್ಯಾಕವಾ?" ಅಂದ್ರು ನಮ್ಮ ಕನ್ನಡ ಸಂಘದ ಹಿರ್ಯಾರು, ಹನುಮಂತರಾಯ ಕಾಕಾ.

"ಏ, ಮಿರ್ಚಿ ಭಜಿ ಇದ್ರ ಯಾವ ಪುರಾಣಾದ್ರೂ ನಡೀತೈತಿ, ಹಚ್ರಿ" ಅಂದ ಕಾಶಿನಾಥ ಮಾಮಾ.

ಹಚ್ಚೇ ಬಿಟ್ರು. ಲೈಬ್ರರಿ ಪುಸ್ತಕಕ್ಕ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದ್ರು!

ಶ್ರಾವಣ ಮುಗೀತು, ದಸರಾ ಮುಗೀತು, ಪುಸ್ತಕ ಮುಗೀವಲ್ದು. ಅಕ್ಕನೇ ಓದೂದು, ಅಕ್ಕನೇ ಅರ್ಥ ಹೇಳೂದು. ನಾನು ಆನ್‌ಲೈನ್‌ನ್ಯಾಗ ಒಂದು ಮಸಿಕಡ್ಡಿ, ಒಂದು ಕಲ್ಲು ತರಿಸಿ ಕೊಟ್ಟಿದ್ದೆ. ಅಕ್ಕ ಕಲ್ಲಿಗೆ ನೀರು ಹನಿಸಿ, ಆ ಕಡ್ಡೀನ ಗಂಧ ತೇಯ್ದಂಗ ತೇಯ್ಕೋಂತ ಮಾತಾಡ್ತಿದ್ಲು. "ಕಾಗದ ಬರೋ ಮೊದ್ಲು ಬಿದಿರಿನ ಪಟ್ಟಿ ಮ್ಯಾಲ ಬರೀತಿದ್ರು. ತಪ್ಪಾದ್ರ ಚಾಕುಲೆ ಕೆರದು ತಗೀತಿದ್ರು."

"ನಮ್ಮ ಆಫೀಸಿನ ಸಾಹೇಬನ ಕೈಗೆ ಚಾಕು ಕೊಟ್ರ ಒಂದು ಫೈಲೂ ಉಳಿಯಂಗಿಲ್ಲ" ಅಂದ ಕಾಶಿನಾಥ ಮಾಮಾ. ಮಂದಿ ಬಿದ್ದು ಬಿದ್ದು ನಕ್ರು.

ಕಡೀ ಪಾಠ ಕಾಗದದ್ದು. ಅದಕ್ಕಂತ ಅಕ್ಕ ಸೇಡಂದಿಂದ ಅವ್ವನ್ನ ಕರಸಿದ್ಲು. ಜಿಂದಗಿಯೊಳಗ ಒಂದ್ಸಲ ತಾನು ಮಾತಾಡೂದು ಅವ್ವ ಕೇಳ್ಬೇಕು, ಅಷ್ಟ ಆಸೆ. ಮೆಟ್ಟಲ ಮ್ಯಾಲ ಕುಂತು ನನ್ನ ಮುಂದ ತಾಲೀಮು ಮಾಡಿದ್ಲು. "ಅವ್ವ ಚಿಂದಿ ಅರಬಿ ಕೂಡಿಸಿ ಕೌದಿ ಹೊಲೀತಾಳಲ್ಲ, ಅಲ್ಲಿಂದ ಸುರು ಮಾಡ್ತೀನಿ. ಚೀನಾದೋರು ಚಿಂದಿ, ಮೀನು ಹಿಡಿಯೋ ಹಳೀ ಬಲಿ, ಗಿಡದ ತೊಗಟಿ ಕುಟ್ಟಿ ಕಾಗದ ಮಾಡಿದ್ರು ಅಂತ. ಅವ್ವಗ ಜಲ್ದಿ ತಿಳೀತೈತಿ, ಹೌದಿಲ್ಲೊ?"

ನಿನ್ನಿ ಮಸಿ ತೇಯ್ದು ಇಟ್ಟು, ಅವ್ವನ್ನ ಮುಂದ ಕುಂಡ್ರಿಸಿ ನೋಡ್ತಾಳ, ಪುರಾಣ ಓದೋ ಗಾದಿ ಮ್ಯಾಲ ಬ್ಯಾರೇ ಯಾರೋ ಕುಂತಾರ! ಶಾಂತಕುಮಾರ ಸರ್ ಅಂತ, ಸಿಕಂದರಾಬಾದ್ ಕಡಿ ಇರೋ ರಿಟೈರ್ ಪ್ರಿನ್ಸಿಪಾಲ್.

"ಕಾಕಾ, ಪಾಠ ನಂದಲ್ಲೇನ್ರಿ? ಅವ್ವ ಬಂದಾಳ್ರಿ."

"ಇಷ್ಟ ದಿನ ನೀನೇ ಹೇಳೀಯಲ್ಲವಾ" ಅಂದ್ರು ಹನುಮಂತರಾಯ ಕಾಕಾ. "ಮಂಗಲಕ್ಕ ಒಬ್ರು ದೊಡ್ಡ ಮನಷ್ಯಾರು ಬೇಕು, ಪದ್ಧತಿ ಐತಿ. ಆಮ್ಯಾಲ ನೀನೂ ಎರಡು ಮಾತು ಹೇಳೀವಂತ. ಈಗ ಆರತಿ ತಾಟು ಹಿಡಕೋ."

ಸರ್ ಪುಸ್ತಕ ತಗದ್ರು, ಎರಡು ಚಿತ್ರ ನೋಡಿದ್ರು, ಮುಚ್ಚಿದ್ರು. ಮಸಿಕಡ್ಡಿ ಮೂಗಿಗೆ ಹಿಡದು, "ವಾಹ್, ಧೂಪ ಭಾಳ ಚಲೋ ಐತ್ರಿ" ಅಂದ್ರು! ನಾನು ನಕ್ಕೆ, ಅಕ್ಕ ನಗಲಿಲ್ಲ. ಆಮ್ಯಾಲ ಸುರು ಆತು ನೋಡ್ರಿ, ಚೀನಾ ಫೋನು, ಚೀನಾ ಪಟಾಕಿ, ತಮ್ಮ ಸಿಂಗಾಪುರ ಟೂರು, ಈಗಿನ ಹುಡುಗರ ಚಾಳಿ. ಕಾಗದದ ಹೆಸರಿಲ್ಲ. ಭಜಿ ತಣ್ಣಗಾದ್ವು. ತೇಯ್ದಿಟ್ಟ ಮಸಿ ಕಲ್ಲಿನ್ಯಾಗೇ ಒಣಗಿ ಹಪ್ಪಳ ಆತು.

"ಉಮಾಂದು ಎರಡು ಮಾತು?" ಅಂತ ಕಾಶಿನಾಥ ಮಾಮಾ ಕೇಳೇ ಕೇಳಿದ.

"ಹೊತ್ತಾತು, ಆರತಿ ಎತ್ರಿ" ಅಂದ್ರು ಕಾಕಾ. ಶಾಲು ಸರ್‌ಗೆ. "ಪುಸ್ತಕ ಯಾರ್ದ್ರಿ?" ಅಂತ ಸರ್ ಕೇಳಿದ್ರ, "ನಮ್ಮ ಸಂಘದ್ದ್ರಿ" ಅಂದ್ರು. ಅಕ್ಕ ತಾಟು ಹಿಡಕೊಂಡು ಬಾಜೂಕೇ ನಿಂತಿದ್ಲು.

ಪುಸ್ತಕ, ಮಸಿ ಕಲ್ಲು ಇದ್ದ ಚೀಲ ಕೊಡಾಕ ನಾನು ಅಕ್ಕನ ಮನಿತನಾ ಹೋದೆ. ಯಂಕಮ್ಮ ಕಾಲು ಚಾಚಿ ಕುಂತು, "ಏನ್ ಮಾತಾಡಿದನವಾ ಆ ಮನಷ್ಯಾ! ನೀನೂ ಕಲ್ತಿದ್ರ ಹಂಗ ಮಾತಾಡ್ತಿದ್ದಿ ನೋಡು, ಉಮಾ" ಅಂದ್ಲು.

ನಾನು ಬಾಯಿ ತಗದೆ. ಅಕ್ಕ ಕಣ್ಣಿಲೇ ಸುಮ್ನ ಇರು ಅಂದ್ಲು.

ಅವ್ವಗ ಹಾಸಿಗಿ ಹಾಸಿದ್ಲು, ಕೌದಿ ಹೊಚ್ಚಿದ್ಲು. ಹಸೀ ಅರಬಿಲೆ ಪುಸ್ತಕದ ಕುಂಕುಮ ಒರಸಿದ್ಲು, ಅದು ಹೋಗೂದ್ ಬಿಟ್ಟು ಇನ್ನಷ್ಟು ಹರಡಿತು. ಆಮ್ಯಾಲ ಬಚ್ಚಲಕ್ಕ ಹೋಗಿ ಮಸಿ ಕಲ್ಲು ತೊಳಿಯಾಕ ಕುಂತ್ಲು. ಒಣಗಿದ್ದು ಬಿಡವಲ್ದು. ಉಗುರಿಲೆ ಕೆರದ್ಲು, ತೆಂಗಿನ ನಾರಿಲೆ ತಿಕ್ಕಿದ್ಲು, ಕರೀ ನೀರು ಹೋಗಿ ಹೋಗಿ ತಿಳಿಯಾಗೋತನಾ ತಿಕ್ಕಿದ್ಲು. ಒರಸಿ, ಗ್ವಾಡಿ ಮಾಡದಾಗ ಬೋರಲ ಇಟ್ಲು.