ಎಡಗಾಲಿನ ತಪ್ಪು

ಕಾರು ಕಲಿಸುವ ಆ ಹೆಂಗಸಿಗೆ ಊರಲ್ಲಿ ಕ್ಲಚ್ ಮೇಡಂ ಎಂದೇ ಹೆಸರು. ಎದುರಿಗೆ ಬರೀ ಮೇಡಂ. ಕ್ಲಚ್ಚು ಬೆನ್ನ ಹಿಂದೆ. ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು, ಕಾರು ಒಮ್ಮೆ ಕೊಸರಿದರೆ ಸಾಕು, “ಕ್ಲಚ್! ಎಡಗಾಲು ಮನೇಲಿ ಬಿಟ್ಟು ಬಂದ್ರಾ?” ಎಂದು ಗುಡುಗುತ್ತಿದ್ದಳು.

ಕಾರು ಕೊಸರದ ದಿನವೇ ಇರಲಿಲ್ಲ. ಕಲಿಯಲು ಬರುವ ಅರ್ಧ ಜನರಿಗಿಂತ ಅದಕ್ಕೇ ವಯಸ್ಸು ಹೆಚ್ಚು. ಸಿಗ್ನಲ್ಲಿನಲ್ಲಿ ನಿಂತರೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ವಾಹನಗಳು ಎರಡೆರಡಾಗಿ ಕಾಣುತ್ತಿದ್ದವು. ಆಕ್ಸಿಲರೇಟರ್ ಒತ್ತಿದರೆ, ಸಾಲದ ಮಾತು ಕಿವಿಗೆ ಬಿದ್ದ ನೆಂಟನ ಹಾಗೆ ಮೊದಲು ಕೆಮ್ಮಿ, ಆಮೇಲೆ ಯೋಚಿಸಿ, ಕೊನೆಗೆ ಒಲ್ಲದ ಮನಸ್ಸಿನಿಂದ ಮುಂದೆ ಹೋಗುತ್ತಿತ್ತು. ಕಾರಿನಲ್ಲೇ ಏನೋ ಊನವಿದೆ ಎಂದು ಯಾರಾದರೂ ಬಾಯಿಬಿಟ್ಟರೆ ಮೇಡಂಗೆ ಉತ್ತರ ತುದಿನಾಲಗೆಯಲ್ಲೇ ಇರುತ್ತಿತ್ತು: “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ.”

ಅವಳ ನಾದಿನಿಯೂ ಈ ಮಾತು ಕೇಳಿದವಳೇ. ಬಟ್ಟೆ ಹೊಲಿಯುವ ಅಂಗಡಿ ಅವಳದು. “ಅತ್ತಿಗೆ, ದಿನವೆಲ್ಲ ಮಷೀನು ತುಳಿಯೋ ಕಾಲು ನಂದು, ಅದಕ್ಕೇನು ದಾಡಿ?” ಎಂದು ವಾದ ಹೂಡಿದ್ದಳು. ಲೈಸೆನ್ಸ್ ಪರೀಕ್ಷೆಯ ದಿಬ್ಬದಲ್ಲಿ ಕಾರು ನಿಂತುಹೋದ ಮೇಲೆ ವಾದವೂ ನಿಂತಿತು. “ನಿನ್ನ ಹಣೇಲಿ ಬರೆದಿಲ್ಲ ಬಿಡು” ಎಂದು ಅತ್ತಿಗೆ ತೀರ್ಪು ಕೊಟ್ಟಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಅದೇ ದಿಬ್ಬದಲ್ಲಿ, ನಿವೃತ್ತ ಗ್ರಂಥಪಾಲಕರೊಬ್ಬರ ಕೈಯಲ್ಲಿ ಕಾರು ಮತ್ತೆ ನಿಂತಿತು. ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯ. “ಮೇಡಂ, ಒಂದ್ಸಲ ನೀವೇ ಹತ್ತಿಸಿ ತೋರಿಸ್ಬಿಡಿ, ಪಾಪ ನೋಡಿ ಕಲೀಲಿ” ಎಂದರು.

ಮೇಡಂ ಠೀವಿಯಿಂದ ಕೂತಳು. ದಿಬ್ಬದ ನಡುವೆ ಕಾರು ಕೆಮ್ಮಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದಳು, ಮತ್ತೆ ನಿಂತಿತು. ಸಾಲಿನಲ್ಲಿದ್ದ ಶಿಷ್ಯರೆಲ್ಲ ಏಕಕಾಲಕ್ಕೆ ಆಕಾಶ ನೋಡತೊಡಗಿದರು. ಗ್ರಂಥಪಾಲಕರು ಮಾತ್ರ ಕಿಟಕಿಯ ಹತ್ತಿರ ಬಗ್ಗಿ, ನಿಜವಾದ ಕಳಕಳಿಯಿಂದ ಹೇಳಿದರು: “ಗಾಬರಿ ಬೇಡ ಮೇಡಂ. ಎಡಗಾಲು ನಿಧಾನಕ್ಕೆ ಬಿಡಿ.”

ಅಂದೇ ಸಂಜೆ ಕಾರು ಗ್ಯಾರೇಜಿಗೆ ಹೋಯಿತು.

ಮೆಕ್ಯಾನಿಕ್ ಮೊದಲು ಪ್ಲಗ್ಗುಗಳನ್ನು ಬಿಚ್ಚಿದ. ಒಂದು ಸವೆದಿತ್ತು, ಬದಲಿಸಿದ. ನಡುಕ ಕೊಂಚ ತಗ್ಗಿತೇ ಹೊರತು ಹೋಗಲಿಲ್ಲ. “ಕಾರ್ಬುರೇಟರೇ ಕಳ್ಳ” ಎಂದು ಅದನ್ನು ತೊಳೆದ. ಕಳ್ಳ ಅದಲ್ಲ. ಪೆಟ್ರೋಲ್ ಫಿಲ್ಟರ್ ಹೊಸದಾಯಿತು, ಕೆಮ್ಮು ಹಳೆಯದೇ ಉಳಿಯಿತು.

“ಹಾಗಾದ್ರೆ ಕ್ಲಚ್ಚೇ ಇರ್ಬೇಕು” ಎಂದಳು ಮೇಡಂ, ಆಸೆಯಿಂದ.

“ಕ್ಲಚ್ಚು ಕಲ್ಲಿನ ಹಾಗಿದೆ ಮೇಡಂ. ಅದೊಂದೇ ಸರಿಯಾಗಿರೋದು.”

ಅಷ್ಟರಲ್ಲಿ ಪಕ್ಕದಲ್ಲಿ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಆಫ್ ಆಯಿತು. ಆ ಮೌನದಲ್ಲಿ ಇಂಜಿನ್ನಿನ ಹಿಂದಿನಿಂದ ಸಣ್ಣಗೆ ಹಾವಿನಂಥ ಬುಸುಗುಟ್ಟುವಿಕೆ. ಮೆಕ್ಯಾನಿಕ್ ಕೈ ಹಾಕಿ ಒಂದು ಬೆರಳುದ್ದದ ರಬ್ಬರ್ ಪೈಪನ್ನು ಹಿಸುಕಿ ಹಿಡಿದ. ಕಾರು ಹಾಲು ಕುಡಿದ ಮಗುವಿನಂತೆ ಶಾಂತವಾಯಿತು. ಬಿಟ್ಟ, ಮತ್ತೆ ಗಡಗಡ. ಪೈಪು ಬಿರಿದು, ಬೇಡದ ಕಡೆಯಿಂದ ಗಾಳಿ ಒಳಗೆ ನುಗ್ಗುತ್ತಿತ್ತು.

“ಯಾವಾಗಿಂದ ಹೀಗಿದೆ?” ಮೇಡಂ ದನಿ ಇಳಿದಿತ್ತು.

“ಬಿರುಕಲ್ಲಿ ಕೂತಿರೋ ಕೊಳೆ ನೋಡಿದ್ರೆ ವರ್ಷಗಳೇ ಆಗಿರ್ಬೇಕು. ಕಲಿಯೋಕೆ ಬಂದೋರು ಯಾರೂ ಹೇಳ್ಲಿಲ್ವಾ?”

ಮೇಡಂ ಗ್ಯಾರೇಜಿನ ಗೋಡೆಯ ಮೇಲಿನ ಟೈರಿನ ಜಾಹೀರಾತನ್ನು ಬಹಳ ಹೊತ್ತು ಓದಿದಳು.

ಪೈಪು ಬದಲಾಯಿತು, ಕಾರಿನ ಗುಣ ಬದಲಾಯಿತು, ಕಷ್ಟ ಶುರುವಾಯಿತು. ಶಿಷ್ಯರು ತಪ್ಪೇ ಮಾಡುತ್ತಿರಲಿಲ್ಲ. ಬೈಯಲು ಬಾಯಿ ತೆರೆದವಳು ಆಕಳಿಸಿ ಮುಚ್ಚಬೇಕಾಗುತ್ತಿತ್ತು. ಮಾರುಕಟ್ಟೆಯಲ್ಲಿ ಸಿಕ್ಕ ಹಳೆಯ ಶಿಷ್ಯನೊಬ್ಬ, “ನಿಮ್ಮ ಕೈಲಿ ಪಳಗಿದ ಮೇಲೆ ಯಾವ ಕಾರಾದ್ರೂ ಬೆಣ್ಣೆ ಮೇಡಂ” ಎಂದು ಕೈಮುಗಿದ. ಆ ಮುಗಿದ ಕೈ ಬಿರಿದ ಪೈಪಿಗೆ ಸಲ್ಲಬೇಕೆಂದು ಅವಳಿಗೆ ಗೊತ್ತಿತ್ತು. ಆದರೂ ತಾನೇ ತೆಗೆದುಕೊಂಡಳು.

ನಾದಿನಿಯ ವಿಷಯ ಮಾತ್ರ ಗಂಟಲಲ್ಲಿ ಮುಳ್ಳಾಗಿತ್ತು. ಒಂದು ದಿನ ಊಟದ ನಡುವೆ, “ನಾಳೆಯಿಂದ ಮತ್ತೆ ಬಾ” ಎಂದಳು.

“ನನ್ನ ಕಾಲು ಅದೇ ಕಾಲು ಅತ್ತಿಗೆ.”

“ಬಾ ಅಂದ್ನಲ್ಲ.”

ನಾದಿನಿ ದಿಬ್ಬವನ್ನು ಒಂದೇ ಉಸಿರಿಗೆ ಹತ್ತಿದಳು. ಮೇಲೆ ಕಾರು ನಿಲ್ಲಿಸಿದಾಗ ಅವಳ ಕಣ್ಣು ತುಂಬಿತ್ತು. “ಅತ್ತಿಗೆ, ಆಗ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿತ್ತು. ಅವತ್ತು ಅಷ್ಟು ಬೈದಿದ್ದು ಈಗ ಕೆಲಸಕ್ಕೆ ಬಂತು ನೋಡಿ.”

ನಿಜ ಹೇಳಬೇಕೆಂದು ಮೇಡಂ ಗಂಟಲು ಸರಿಮಾಡಿಕೊಂಡಳು. “ಮತ್ತೆ, ಸುಮ್ನೆ ಬೈತೀನಾ ನಾನು?” ಎಂಬ ಮಾತು ಬಂತು.

ನಾದಿನಿ ಪರೀಕ್ಷೆಯಲ್ಲಿ ಪಾಸಾದಳು. ಅಂಗಡಿಗೆ ಬಂದವರಿಗೆಲ್ಲ ಅತ್ತಿಗೆಯ ಗುಣಗಾನ ಮಾಡಿದಳು. ಮರುವಾರವೇ ಹೊಸಬನೊಬ್ಬ ಬಂದು, “ಚೆನ್ನಾಗಿ ಬೈದು ಕಲಿಸ್ತೀರಂತೆ ಮೇಡಂ, ನಂಗೂ ಹಾಗೇ ಕಲಿಸಿ” ಎಂದು ಬೇಡಿಕೊಂಡ. ಬೀದಿಯನ್ನು ಸುತ್ತಿ ಬರುವಾಗ ಅವನು ಎಲ್ಲೂ ಎಡವಲಿಲ್ಲ. ಮೇಡಂ ಕಿಟಕಿಯಾಚೆ ನೋಡಿದಳು, ಗಡಿಯಾರ ನೋಡಿದಳು, ಕೊನೆಗೆ ಅವನತ್ತ ತಿರುಗಿದಳು.

“ನೀವು ಕೂತಿರೋ ರೀತಿನೇ ಸರಿಯಿಲ್ಲ!”

ಅವನ ಮುಖ ಅರಳಿತು.