ನಂದಗುಡಿಯಿಂದ ತಿರುಗಿದ್ದು

ಮೊನ್ನೆ ತಿರುಪತಿಗೆ ನಡೆದು ಹೋಗುವವರ ಗುಂಪೊಂದು ನಮ್ಮ ಜಗಲಿಯಲ್ಲಿ ಕೂತು ನೀರು ಕೇಳಿತು. ಅದರಲ್ಲೊಬ್ಬ ಹುಡುಗಿ, ಹೊಸದಾಗಿ ಮದುವೆಯಾದವಳು, ಮೊಳ ಮಲ್ಲಿಗೆ ಮುಡಿದಿದ್ದಳು. ಆ ವಾಸನೆ ನನಗಾಗದು. "ಸ್ವಲ್ಪ ಆಚೆ ಕೂತ್ಕೊಳವ್ವ" ಅಂದೆ. ಮುದುಕಿಗೆ ತಲೆನೋವು ಅಂದುಕೊಂಡಳು. ನಿಮಗಾದರೂ ನಿಜ ಹೇಳುತ್ತೇನೆ, ತಲೆನೋವಲ್ಲ.

ಯುದ್ಧದ ಕಾಲ, ಸೀಮೆಎಣ್ಣೆಯೂ ಸಿಗದ ವರ್ಷ. ನನಗೆ ಹತ್ತೊಂಬತ್ತೋ ಇಪ್ಪತ್ತೋ. ಆಗಲೇ ಎರಡು ಮಕ್ಕಳನ್ನು ಮಣ್ಣಿಗಿಟ್ಟಿದ್ದೆ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಅತ್ತೆ ಹರಕೆ ಹೊತ್ತರು: ಇದೊಂದು ಉಳಿದರೆ ಗಂಡ ಹೆಂಡತಿ ಬರಿಗಾಲಲ್ಲಿ ತಿರುಪತಿಗೆ ಬರುತ್ತಾರೆ. ಹೆಣ್ಣು ಹುಟ್ಟಿತು, ಉಳಿಯಿತು. ನಾವು ಬಿತ್ತನೆ, ಸುಗ್ಗಿ ಎಂದು ಮುಂದೂಡಿದೆವು. ಎಂಟನೇ ತಿಂಗಳಲ್ಲಿ ಮಗುವಿಗೆ ಹಿಡಿದ ಜ್ವರ ಬಿಡಲಿಲ್ಲ. ತಡ ಮಾಡಿದ್ದಕ್ಕೇ ಹೀಗೆ ಎಂದರು ಅತ್ತೆ. ನನಗೂ ಹಾಗೇ ಅನಿಸಿತು, ಸುಳ್ಳು ಯಾಕೆ ಹೇಳಲಿ.

ಜ್ವರದ ಮಗುವನ್ನು ಬಿಸಿಲಲ್ಲಿ ಹೊತ್ತೊಯ್ಯುವಂತಿಲ್ಲ, ಅತ್ತೆಯ ಹತ್ತಿರ ಬಿಟ್ಟೆ. ಹೊರಡುವ ಮುಂಚೆ ಅವರು ನನ್ನ ಎದೆಗೆ ಮಲ್ಲಿಗೆ ಇಟ್ಟು ಬಟ್ಟೆ ಬಿಗಿದರು. ಹಾಗೆ ಕಟ್ಟಿದರೆ ಹಾಲು ಬತ್ತುತ್ತದಂತೆ. ಯಜಮಾನರ ಸೊಂಟಕ್ಕೆ ಮುಡಿಪು, ದೇವರ ಕಾಸು ಕಟ್ಟಿದ ಹಳದಿ ಬಟ್ಟೆ. ಮುಡಿಪು ಹೊಸಿಲು ದಾಟಿದ ಮೇಲೆ ನಾವು ತಿರುಗಬಾರದು, ಯಾರೂ ಹಿಂದಿನಿಂದ ಕೂಗಲೂಬಾರದು. ಊರಿಗೆಲ್ಲ ಗೊತ್ತಿದ್ದ ಕಟ್ಟಳೆ.

ದೇವನಹಳ್ಳಿ ಕಡೆಯ ನಮ್ಮೂರಿಂದ ನಂದಗುಡಿ ಮೊದಲ ದಿನದ ನಡಿಗೆ. ದಿನವಿಡೀ ಬಗ್ಗಿ ಕಳೆ ಕೀಳುವವಳಿಗೆ ನಡೆಯುವುದೇನು ಮಹಾ ಎಂಬ ಜಂಬ ಇತ್ತು. ಸೂಲಿಬೆಲೆ ಮುಟ್ಟುವಷ್ಟರಲ್ಲಿ ಇಳಿಯಿತು. ಜಾಲಿಮುಳ್ಳು, ಕಾದ ಮಣ್ಣು. ಹೊತ್ತು ನೆತ್ತಿಗೆ ಬಂದಿತ್ತು. ಮುಂದೆ ಹೋಗಿದ್ದ ಯಜಮಾನರು ನಿಂತರು.

"ಹಿಂಗೆ ನಡುದ್ರೆ ತಿಮ್ಮಪ್ಪನೇ ಬೆಟ್ಟ ಇಳ್ದು ಬಂದು ನಮ್ಮನ್ನ ನೋಡ್ಕೊಂಡು ಹೋಗ್ಬೇಕು ಕಣೇ."

"ಬರ್ಲಿ ಬಿಡಿ. ಅವನಿಗೂ ಕಾಲ್ನೋವು ಅಂದ್ರೇನು ಅಂತ ಗೊತ್ತಾಗ್ಲಿ."

ಇಬ್ಬರೂ ನಕ್ಕೆವು.

ಮಲ್ಲಿಗೆ ಬಾಡಿತು, ಹಾಲು ಬತ್ತಲಿಲ್ಲ. ಎದೆ ಕಲ್ಲಾಯಿತು. ಹೊಂಗೆಮರದ ಬುಡದಲ್ಲಿ ಕೂತು ಹಾಲನ್ನು ನೆಲಕ್ಕೆ ಹಿಂಡಿದೆ. ಯಜಮಾನರು ಆಚೆ ಮುಖ ಮಾಡಿ ನಿಂತಿದ್ದರು. ಇರುವೆಗಳು ಮುತ್ತಿಕೊಂಡವು. ಮಗು ಹಸಿದಿರುತ್ತದೆ, ಇರುವೆಗೆ ಕುಡಿಸುತ್ತಿದ್ದೇನೆ ಅನಿಸಿತು. ಆಮೇಲೆ ಬೇರೇನೂ ಅನಿಸಲಿಲ್ಲ.

ನಂದಗುಡಿ ಸೇರಿದಾಗ ಸಂಜೆ. ಕಡಲೆಕಾಯಿ ಮೂಟೆ ಹೇರಿದ ಗಾಡಿಯೊಂದು ನಮ್ಮೂರ ಕಡೆಗೇ ಹೊರಟಿತ್ತು.

"ನಾನು ತಿರುಗ್ತೀನಿ" ಅಂದೆ.

"ಮುಡಿಪು ತಿರುಗಿದ್ರೆ ಮಗು ಉಳಿಯಲ್ಲ."

"ಮುಡಿಪು ನಿಮ್ಮ ಸೊಂಟದಲ್ಲಿದೆ. ನೀವು ಹೋಗಿ."

"ಹರಕೆ ಇಬ್ರುದು ಕಣೇ. ನಿನ್ನ ಕಾಲು ಹಿಡ್ಕೋತೀನಿ, ತಿರುಗ್ಬೇಡ."

ಅವರ ಬಾಯಲ್ಲಿ ಅಂಥ ಮಾತು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆದರೂ ಗಾಡಿ ಹತ್ತಿದೆ.

ಬೆಳಿಗ್ಗೆ ಮನೆ ಸೇರಿದರೆ ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಅತ್ತೆ ಜಗಲಿಯ ಮೇಲೆ ಕೂತಿದ್ದರು.

"ಯಾವಾಗ?"

"ನಿನ್ನೆ. ಹೊತ್ತು ನೆತ್ತಿ ಮೇಲಿದ್ದಾಗ."

"ಯಾರನ್ನಾದ್ರೂ ಕಳಿಸ್ಬಾರ್ದಿತ್ತಾ?"

"ಮುಡಿಪು ಹೋಗ್ತಿರುವಾಗ ಹೆಂಗೆ ಕೂಗಿಸ್ಲವ್ವ?"

ಸಂಜೆಗೇ ಮಣ್ಣು ಮಾಡಿದ್ದರು. ನಾವು ಸೂಲಿಬೆಲೆಯಲ್ಲಿದ್ದೆವು, ಸೈಕಲ್ಲಿನವನೊಬ್ಬ ಹೊರಟಿದ್ದರೆ ಮುಖವಾದರೂ ನೋಡುತ್ತಿದ್ದೆ. ಅತ್ತೆಯನ್ನು ಬೈಯಲಾಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕಳಿಸುತ್ತಿರಲಿಲ್ಲ.

ಯಜಮಾನರು ದರ್ಶನ ಮುಗಿಸಿ, ತಲೆ ಬೋಳಿಸಿಕೊಂಡು ಬಂದರು. ನಾನು ತಿರುಗಿದ್ದಕ್ಕೇ ಮಗು ಹೋಯಿತು ಎಂದು ಸಾಯುವವರೆಗೂ ನಂಬಿದ್ದರು. ಅದು ಹೋಗಿದ್ದು ಮಧ್ಯಾಹ್ನ, ನಾನು ತಿರುಗಿದ್ದು ಸಂಜೆ ಎಂದು ಎಷ್ಟೋ ಸಲ ಹೇಳಿದೆ. "ನೀನು ತಿರುಗ್ತೀಯ ಅಂತ ದೇವ್ರಿಗೆ ಮೊದ್ಲೇ ಗೊತ್ತಿತ್ತು" ಅಂದರು.

ಆ ಹುಡುಗಿ ನೀರು ಕುಡಿದು, "ನೀವೂ ನಡ್ಕೊಂಡು ಹೋಗಿದ್ರಾ ಅಜ್ಜಿ?" ಅಂದಳು. ಹೀಗೆ ಕೇಳಿದವರಿಗೆಲ್ಲ ಇಷ್ಟು ವರ್ಷ "ಹೋಗಿದ್ದೆ, ಒಳ್ಳೇ ದರ್ಶನ ಆಯ್ತು" ಎಂದು ಸುಳ್ಳು ಹೇಳಿಕೊಂಡು ಬಂದವಳು ನಾನು.

"ಇಲ್ಲ ಕಣವ್ವ. ಒಂದು ದಿನ ನಡೆದು ತಿರುಗ್ಬಿಟ್ಟೆ. ತಿರುಗಿದ್ದೂ ತಡವಾಯ್ತು" ಅಂದೆ.

ಅವಳು ಚೊಂಬು ಕೆಳಗಿಟ್ಟಳು. ಹೇಳಿಕೊಂಡರೆ ಹಗುರವಾಗುತ್ತದೆ ಎನ್ನುತ್ತಾರೆ. ಆಗಲಿಲ್ಲ. ಆದರೂ ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ.